‘ಇವರು’ ಅಂದ್ರೆ ಯಾರು? ಕಂಪ್ಯೂಟರ್‌ಗೆ ಸರ್ವನಾಮ ಕಲಿಸಲು ಹೊರಟವರ ಕಥೆ

ಕಳೆದ ಭಾನುವಾರದ ವಿಡಿಯೋದ ಬರಹರೂಪ ಇದು. ಮಾತಾಡುವಾಗ ಎರಡು ಕಡೆ ಇಸವಿ ತಡವರಿಸಿದ್ದೆ, ಇಲ್ಲಿ ಸರಿಮಾಡಿದ್ದೇನೆ. ಬೋರ್ಡ್ ಮೇಲೆ ಗೀಚಿದ ಉದಾಹರಣೆಗಳನ್ನೂ ಬಿಡಿಸಿ ಬರೆದಿದ್ದೇನೆ.

ಮೊದಲು ಮನೆಯ ಕಥೆ. ನಾನಿರೋದು ಪುಣೆಯಲ್ಲಿ, ಅಪ್ಪ ಅಮ್ಮ ಧಾರವಾಡದಲ್ಲಿ. ನನ್ನ ಹೆಂಡತಿ ಮರಾಠಿಯವಳು. ಕನ್ನಡ ಅಲ್ಪಸ್ವಲ್ಪ ಅರ್ಥವಾಗುತ್ತೆ, ಆದರೆ ಅಮ್ಮನ ಸ್ಪೀಡಿಗೆ ಅಲ್ಲ. ಅಮ್ಮ ಫ್ಯಾಮಿಲಿ ಗ್ರೂಪಿಗೆ ಟೈಪ್ ಮಾಡೋದಿಲ್ಲ, ವಾಯ್ಸ್ ಮೆಸೇಜ್ ಕಳಿಸ್ತಾರೆ. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹೀಗೊಂದು ಮೆಸೇಜ್ ಬಂತು. ನಾನು ಮೀಟಿಂಗ್‌ನಲ್ಲಿದ್ದೆ, ಫೋನ್ ಸೈಲೆಂಟ್. ಹೆಂಡತಿ ಅದನ್ನ ಒಂದು ಭಾಷಾಂತರ ಆಪ್‌ಗೆ ಹಾಕಿ ಇಂಗ್ಲಿಷ್‌ನಲ್ಲಿ ಓದಿದಳು. ಅಮ್ಮ ಹೇಳಿದ್ದು ಇಷ್ಟು:

“ಇವರು ನಿನ್ನೆ ದೊಡ್ಡಪ್ಪನ್ನ ಕರಕೊಂಡು ಡಾಕ್ಟರ್ ಕಡೆ ಹೋಗಿದ್ರು. ಶುಗರ್ ಭಾಳ ಆಗೇತಂತ. ಎರಡು ದಿನ ದವಾಖಾನಿಯೊಳಗ ಇರ್ರಿ ಅಂದಾರ. ಅದಿರ್ಲಿ, ಇಲ್ಲಿ ಮಳಿ ಹಿಡದೈತಿ ನೋಡು, ಹಿತ್ತಲ ಗೋಡಿ ಬಿದ್ದೇತಿ. ಗೌಂಡಿಗೆ ಹೇಳೇನಿ, ಬರ್ತೇನಿ ಅಂತಾನ, ಬರವಲ್ಲ. ನಾಳೆ ಬಿಡ್ತಾರಂತ. ಚಿಂತಿ ಮಾಡಬ್ಯಾಡ.”

ಆಪ್ ಕೊಟ್ಟ ಇಂಗ್ಲಿಷ್‌ನಲ್ಲಿ ಎಲ್ಲರೂ ‘ಹಿ’. ಅಪ್ಪನೂ ‘ಹಿ’, ದೊಡ್ಡಪ್ಪನೂ ‘ಹಿ’, ಗೌಂಡಿಯೂ ‘ಹಿ’. ಮೊದಲ ವಾಕ್ಯದಲ್ಲಿ ‘ಅವರು ಅಂಕಲ್ ಜೊತೆ ಡಾಕ್ಟರ್ ಹತ್ತಿರ ಹೋದರು’, ಎರಡನೆಯದರಲ್ಲಿ ‘ಅವರಿಗೆ ಶುಗರ್ ಜಾಸ್ತಿ’, ಮೂರನೆಯದರಲ್ಲಿ ‘ಅವರು ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕು’. ಓದಿದವರಿಗೆ ಸಂಶಯವೇ ಬರದಷ್ಟು ಚೊಕ್ಕ. ನಾನು ಮೀಟಿಂಗ್‌ನಿಂದ ಹೊರಗೆ ಬಂದು ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. “ಬಾಬಾ ಅಡ್ಮಿಟ್ ಆಗಿದ್ದಾರೆ, ರಾತ್ರಿ ಬಸ್ಸಿಗೆ ಸೀಟು ನೋಡಿದ್ದೇನೆ” ಅಂದಳು. ನನ್ನ ಕೈಕಾಲು ತಣ್ಣಗಾಯಿತು. ಮೆಸೇಜ್ ಕೇಳಿದ ಮೇಲೆ ಉಸಿರು ಬಂತು. ಹಾಗಂತ ಸಮಾಧಾನಪಟ್ಟುಕೊಂಡಿದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು, ಯಾಕಂದ್ರೆ ಆಸ್ಪತ್ರೆಯಲ್ಲಿದ್ದ ದೊಡ್ಡಪ್ಪ ನನ್ನನ್ನ ಸೈಕಲ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವರು.

ಅವತ್ತಿನಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿದೆ. ಎಂ.ಟೆಕ್‌ನಲ್ಲಿ ಒಂದು ಸೆಮಿಸ್ಟರ್ ಇದನ್ನೇ ಓದಿದ್ದೆ, ಪರೀಕ್ಷೆ ಬರೆದು ಮರೆತಿದ್ದೆ. ಮಾತಿನಲ್ಲಿ ‘ಅವನು’, ‘ಅವಳು’, ‘ಅದು’ ಅಂತ ಬಂದಾಗ ಯಾರು, ಯಾವುದು ಅಂತ ಯಂತ್ರ ಹೇಗೆ ಪತ್ತೆ ಹಚ್ಚುತ್ತೆ? ಇದಕ್ಕೆ ಐವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ, ಅದರಲ್ಲಿ ಪುಣೆ ಮತ್ತು ಬೆಂಗಳೂರಿನ ಒಂದು ಎಳೆಯೂ ಇದೆ.

1970ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಟೆರ್ರಿ ವಿನೋಗ್ರಾಡ್ ‘ಷ್ರಡ್ಲು’ ಅನ್ನೋ ಪ್ರೋಗ್ರಾಂ ಬರೆದರು. ಪರದೆಯ ಮೇಲೆ ಮೇಜು, ಅದರ ಮೇಲೆ ಬಣ್ಣದ ಬ್ಲಾಕ್‌ಗಳು, ಒಂದು ಪೆಟ್ಟಿಗೆ. ನೀವು ಇಂಗ್ಲಿಷ್‌ನಲ್ಲಿ ಆಜ್ಞೆ ಟೈಪ್ ಮಾಡಿದರೆ ಪ್ರೋಗ್ರಾಂ ಬ್ಲಾಕ್ ಎತ್ತಿ ಇಡುತ್ತೆ. ‘ಕೈಯಲ್ಲಿರೋದಕ್ಕಿಂತ ಎತ್ತರದ ಬ್ಲಾಕ್ ಹುಡುಕು, ಅದನ್ನ ಪೆಟ್ಟಿಗೆಯಲ್ಲಿಡು’ ಅಂದರೆ, ಯಾವುದನ್ನ ‘ಅದು’ ಅಂದುಕೊಂಡೆ ಅಂತ ಮೊದಲು ಬಾಯಿಬಿಟ್ಟು ಹೇಳಿ ಆಮೇಲೆ ಕೆಲಸ ಮಾಡುತ್ತಿತ್ತು. ಈ ಒಂದು ಸಭ್ಯತೆ ಇವತ್ತಿನ ಎಷ್ಟೋ ಆಪ್‌ಗಳಿಗಿಲ್ಲ. ಆದರೆ ಆ ಮೇಜಿನ ಮೇಲಿನ ಪ್ರಪಂಚ ಪುಟ್ಟದು. ಹೊರಗಿನ ಪ್ರಪಂಚ ಎಷ್ಟು ಕಷ್ಟ ಅನ್ನೋದನ್ನ ವಿನೋಗ್ರಾಡ್ ಅವರೇ ಒಂದು ಉದಾಹರಣೆಯಿಂದ ತೋರಿಸಿದರು. ನಗರಸಭೆಯವರು ಪ್ರತಿಭಟನೆಕಾರರಿಗೆ ಅನುಮತಿ ಕೊಡಲಿಲ್ಲ, ಯಾಕಂದ್ರೆ ‘ಅವರು’ ಗಲಭೆಗೆ ಹೆದರಿದ್ದರು. ಇಲ್ಲಿ ಅವರು ಯಾರು? ನಗರಸಭೆಯವರು. ಈಗ ‘ಹೆದರಿದ್ದರು’ ತೆಗೆದು ‘ಗಲಭೆ ಆಗಲಿ ಅನ್ನುತ್ತಿದ್ದರು’ ಅಂತ ಹಾಕಿ. ಅವರು ಪ್ರತಿಭಟನೆಕಾರರಾಗಿಬಿಟ್ಟರು! ವ್ಯಾಕರಣ ಒಂದಿಷ್ಟೂ ಬದಲಾಗಿಲ್ಲ. ಬದಲಾಗಿದ್ದು ನಮಗೆ ಲೋಕದ ಬಗ್ಗೆ ಗೊತ್ತಿರೋ ವಿಷಯದ ಬಳಕೆ ಮಾತ್ರ.

ಹಾಗಾದರೆ ಲೋಕಜ್ಞಾನ ಪೂರ್ತಿ ತುಂಬುವವರೆಗೆ ಕಾಯಬೇಕಾ? ಜೆರ್ರಿ ಹಾಬ್ಸ್ ಇದಕ್ಕೆ ಉಲ್ಟಾ ದಾರಿ ಹಿಡಿದರು. ಬುದ್ಧಿಯನ್ನೇ ಉಪಯೋಗಿಸದೆ, ವಾಕ್ಯದ ವ್ಯಾಕರಣದ ಮರದಲ್ಲಿ ಇಂಥ ಕ್ರಮದಲ್ಲಿ ಹುಡುಕು, ಲಿಂಗ ವಚನ ಹೊಂದುವ ಮೊದಲ ನಾಮಪದ ಹಿಡಿ, ಅಷ್ಟೇ. ಇದಕ್ಕೆ ಅವರೇ ‘ನಾಯೀವ್’, ಅಂದ್ರೆ ಮುಗ್ಧ ವಿಧಾನ ಅಂತ ಹೆಸರಿಟ್ಟರು. ಪರೀಕ್ಷೆಗೆ ಮೂರು ಕಡೆಯಿಂದ ನೂರು ನೂರು ಸರ್ವನಾಮ ತೆಗೆದುಕೊಂಡರು. ಪ್ರಾಚೀನ ಚೀನಾದ ಬಗ್ಗೆ ಒಂದು ಪುಸ್ತಕ, ಆರ್ಥರ್ ಹೇಲಿಯ ‘ವೀಲ್ಸ್’ ಕಾದಂಬರಿ, ನ್ಯೂಸ್‌ವೀಕ್ ಪತ್ರಿಕೆಯ ಒಂದು ಸಂಚಿಕೆ. ಪ್ರೋಗ್ರಾಂ ಓಡಿಸಿದ್ದಲ್ಲ, ಪೆನ್ನು ಹಿಡಿದು ಕೈಯಲ್ಲೇ ಲೆಕ್ಕ ಹಾಕಿದ್ದು. 1978ರಲ್ಲಿ ಪ್ರಕಟವಾದ ಫಲಿತಾಂಶ: ಶೇ. 88.3 ಸರಿ. ‘ಕಲ್ಲು ತಿನ್ನೋದಿಲ್ಲ, ಇಸವಿ ನಡೆಯೋದಿಲ್ಲ’ ಅನ್ನೋ ಥರದ ಸಣ್ಣ ನಿಯಮ ಸೇರಿಸಿದರೆ ಶೇ. 91.7.

ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಮುನ್ನೂರರಲ್ಲಿ ನಿಜವಾಗಿ ಗೊಂದಲ ಇದ್ದದ್ದು, ಅಂದ್ರೆ ಎರಡು ಅಥವಾ ಹೆಚ್ಚು ಜನ/ವಸ್ತು ಆ ಜಾಗಕ್ಕೆ ಹೊಂದುತ್ತಿದ್ದದ್ದು, 132 ಕಡೆ ಮಾತ್ರ. ಅಷ್ಟನ್ನೇ ನೋಡಿದರೆ ಸರಿ ಬಂದದ್ದು ಶೇ. 81.8. ಉಳಿದವು ಒಬ್ಬನೇ ಅಭ್ಯರ್ಥಿ ನಿಂತ ಚುನಾವಣೆ ಇದ್ದ ಹಾಗೆ. ಹಾಬ್ಸ್ ಇದನ್ನ ಮುಚ್ಚಿಡಲಿಲ್ಲ. ಈ ಮುಗ್ಧ ವಿಧಾನ ಪರಿಹಾರ ಅಲ್ಲ, ಅರ್ಥದ ಕಡೆಗೇ ಹೋಗಬೇಕು ಅಂತ ಅದೇ ಲೇಖನದಲ್ಲಿ ಬರೆದರು. ಆದರೆ ಜನ ನೆನಪಿಟ್ಟುಕೊಂಡಿದ್ದು 88ನ್ನ. ನಮ್ಮ ಫೀಲ್ಡಿನಲ್ಲಿ ಇದು ಆಗುತ್ತಲೇ ಇರುತ್ತೆ. ಎಚ್ಚರಿಕೆ ಮರೆತುಹೋಗುತ್ತೆ, ಪರ್ಸೆಂಟೇಜ್ ಉಳಿಯುತ್ತೆ.

ನನಗೆ ಈ ಇತಿಹಾಸದಲ್ಲಿ ಅತಿ ಇಷ್ಟದ ಭಾಗ ಇನ್ನೊಂದು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಶೋಧನಾ ಸಂಸ್ಥೆಯಲ್ಲಿ ಬಾರ್ಬರಾ ಗ್ರೋಸ್ ಕೆಲಸ ಮಾಡುತ್ತಿದ್ದರು. ಅವರು ಪುಸ್ತಕದ ವಾಕ್ಯ ಹಿಡಿದು ಕೂರಲಿಲ್ಲ, ಜನ ಕೆಲಸ ಮಾಡುವಾಗ ಆಡುವ ಮಾತನ್ನ ಹಿಡಿದರು. ಒಬ್ಬ ಹೊಸಬ, ಮುಂದೆ ಬಿಚ್ಚಿಟ್ಟ ಏರ್ ಕಂಪ್ರೆಸರ್. ಒಬ್ಬ ತಜ್ಞ, ಮಾತಿನಲ್ಲೇ ಜೋಡಣೆ ಹೇಳಿಕೊಡಬೇಕು. ಇವರ ಸಂಭಾಷಣೆಗಳನ್ನ ಬರೆದಿಟ್ಟುಕೊಂಡು ಸಾಲು ಸಾಲಾಗಿ ನೋಡಿದರು.

ಕಂಡಿದ್ದೇನು? ಮಾತಿಗೂ ಕೆಲಸಕ್ಕೂ ಒಂದೇ ಆಕಾರ. ಕಂಪ್ರೆಸರ್ ಜೋಡಿಸೋದು ದೊಡ್ಡ ಕೆಲಸ. ಅದರೊಳಗೆ ಪಂಪ್ ಕೂರಿಸೋದು ಒಂದು ಉಪಕೆಲಸ. ಪಂಪ್ ಕೂರಿಸೋದರೊಳಗೆ ಬೋಲ್ಟ್ ಬಿಗಿ ಮಾಡೋದು, ಅದರೊಳಗೆ ಸರಿಯಾದ ಸ್ಪ್ಯಾನರ್ ಹುಡುಕೋದು. ಬೋಲ್ಟಿನ ಮಾತು ನಡೀತಿರುವಾಗ ‘ಅದು’ ಅಂದರೆ ಬೋಲ್ಟ್. ಆ ಕೆಲಸ ಮುಗಿದ ಕೂಡಲೇ ಬೋಲ್ಟು, ಸ್ಪ್ಯಾನರು ಎಲ್ಲ ಮನಸ್ಸಿನಿಂದ ಆಚೆ. ಇಡೀ ಜೋಡಣೆ ಮುಗಿದು ‘ಈಗ ಅದನ್ನ ಆನ್ ಮಾಡಿ ನೋಡು’ ಅಂದರೆ, ‘ಅದು’ ಕಂಪ್ರೆಸರ್. ಕಂಪ್ರೆಸರ್ ಅನ್ನೋ ಹೆಸರು ಬಂದು ಎಷ್ಟೋ ಹೊತ್ತಾಗಿದೆ, ಮಧ್ಯೆ ಡಜನ್‌ಗಟ್ಟಲೆ ವಸ್ತುಗಳು ಬಂದು ಹೋಗಿವೆ. ಆದರೂ ಹೊಸಬ ‘ಯಾವುದನ್ನ?’ ಅಂತ ಕೇಳೋದಿಲ್ಲ.

ಹಾಬ್ಸ್ ವಿಧಾನಕ್ಕೆ ಇದು ಸಾಧ್ಯವೇ ಇಲ್ಲ, ಅದು ಹತ್ತಿರದಿಂದ ದೂರಕ್ಕೆ ಹುಡುಕುತ್ತೆ. ಆದರೆ ಮಾತಿನಲ್ಲಿ ‘ಹತ್ತಿರ’ ಅನ್ನೋದು ವಾಕ್ಯ ಎಣಿಸಿ ಬರೋದಲ್ಲ. ಮುಗಿದ ಉಪಕೆಲಸದ ಬೋಲ್ಟು ಹಿಂದಿನ ವಾಕ್ಯದಲ್ಲೇ ಇದ್ದರೂ ದೂರ, ತೆರೆದೇ ಇರುವ ದೊಡ್ಡ ಕೆಲಸದ ಕಂಪ್ರೆಸರ್ ಅರ್ಧ ಗಂಟೆ ಹಿಂದಿನದಾದರೂ ಹತ್ತಿರ. ಗ್ರೋಸ್ ಇದನ್ನ 1977ರಲ್ಲಿ ಬರ್ಕ್ಲಿಯ ಪಿಎಚ್‌ಡಿ ಪ್ರಬಂಧವಾಗಿ ಬರೆದರು. ಅದಾಗಿ ಎರಡು ವರ್ಷಕ್ಕೆ ಎಂಐಟಿಯಲ್ಲಿ ಕ್ಯಾಂಡೇಸ್ ಸಿಡ್ನರ್ ತಮ್ಮ ಪ್ರಬಂಧದಲ್ಲಿ ಇದನ್ನೇ ಚಿಕ್ಕ ಅಳತೆಯಲ್ಲಿ ನೋಡಿದರು. ಒಂದು ವಾಕ್ಯದಿಂದ ಪಕ್ಕದ ವಾಕ್ಯಕ್ಕೆ ಹೋಗುವಾಗ ಗಮನ ಯಾವುದರ ಮೇಲಿರುತ್ತೆ ಅಂತ.

1986ರಲ್ಲಿ ಇಬ್ಬರೂ ಸೇರಿ ಬರೆದ ಲೇಖನ ಈ ಕ್ಷೇತ್ರದ ಮೈಲಿಗಲ್ಲು. ಅವರ ಪ್ರಕಾರ ಯಾವುದೇ ಮಾತುಕತೆಗೆ ಮೂರು ಪದರ. ಒಂದು, ಆಡಿದ ವಾಕ್ಯಗಳು ಯಾವ ಯಾವ ತುಂಡುಗಳಾಗಿ ಸೇರಿಕೊಂಡಿವೆ ಅನ್ನೋದು. ಇನ್ನೊಂದು, ಪ್ರತಿ ತುಂಡಿನ ಉದ್ದೇಶ. ಮತ್ತೊಂದು, ಈ ಕ್ಷಣದಲ್ಲಿ ಗಮನ ಎಲ್ಲಿದೆ ಅನ್ನೋದು. ಮೂರನೆಯದನ್ನ ಅವರು ಸ್ಟ್ಯಾಕ್ ಅಂತ ಕಲ್ಪಿಸಿಕೊಂಡರು. ಪ್ರೋಗ್ರಾಮರ್‌ಗಳಿಗೆ ಸ್ಟ್ಯಾಕ್ ಗೊತ್ತು, ಉಳಿದವರು ಛತ್ರದಲ್ಲಿ ಒಂದರ ಮೇಲೊಂದು ಇಟ್ಟ ಸ್ಟೀಲ್ ತಟ್ಟೆಗಳನ್ನ ನೆನೆಸಿಕೊಳ್ಳಿ. ಹೊಸ ವಿಷಯ ಶುರುವಾದರೆ ಮೇಲೊಂದು ತಟ್ಟೆ, ಮುಗಿದರೆ ಆ ತಟ್ಟೆ ತೆಗೆದು ಪಕ್ಕಕ್ಕೆ. ಈಗ ಕಾಣೋದು ಅದರ ಕೆಳಗಿದ್ದದ್ದು. ಸರ್ವನಾಮಕ್ಕೆ ಉತ್ತರ ಮೇಲೆ ಕಾಣುವ ತಟ್ಟೆಯಲ್ಲಿ ಮೊದಲು ಹುಡುಕು. ತಟ್ಟೆ ಇಡುವಾಗಲೂ ತೆಗೆಯುವಾಗಲೂ ಜನ ಸಣ್ಣ ಸದ್ದು ಮಾಡ್ತಾರೆ ಅನ್ನೋದನ್ನೂ ಅವರು ಗಮನಿಸಿದರು. ನಮ್ಮಲ್ಲಿ ‘ಅಂದಹಾಗೆ’, ‘ಅದಿರ್ಲಿ’, ‘ಇರ್ಲಿ ಬಿಡು’, ‘ಏನ್ ಹೇಳ್ತಿದ್ದೆ?’ ಅಂತೀವಲ್ಲ, ಅಂಥವು.

ಈಗ ಪುಣೆಯ ಎಳೆ. ಅರವಿಂದ ಜೋಶಿ ಹುಟ್ಟಿದ್ದು 1929ರಲ್ಲಿ, ಇದೇ ಪುಣೆಯಲ್ಲಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಆಮೇಲೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಮ್ಯುನಿಕೇಷನ್ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದರು. 1960ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಿಎಚ್‌ಡಿ ಆಯಿತು. ಅಲ್ಲೇ ಮೇಷ್ಟರಾಗಿ ಕಡೆತನಕ ಉಳಿದರು. ಕಂಪ್ಯೂಟೇಷನಲ್ ಭಾಷಾವಿಜ್ಞಾನದ ಜಾಗತಿಕ ಸಂಘ 2002ರಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿ ಶುರುಮಾಡಿದಾಗ ಮೊದಲು ಕೊಟ್ಟಿದ್ದು ಇವರಿಗೆ. 2017ರ ಡಿಸೆಂಬರ್ 31ರಂದು ತೀರಿಕೊಂಡರು. ವಾಕ್ಯರಚನೆಯ ಗಣಿತದಲ್ಲಿ ಅವರ ಹೆಸರು ದೊಡ್ಡದು, ಅದನ್ನ ಇನ್ನೊಂದು ವಿಡಿಯೋಗೆ ಇಟ್ಟುಕೊಳ್ಳೋಣ. ಇಲ್ಲಿ ಬೇಕಿರೋದು ಅವರ ಒಂದು ಎಂಜಿನಿಯರ್ ಥರದ ಪ್ರಶ್ನೆ.

ಮನುಷ್ಯ ಮಾತು ಅರ್ಥ ಮಾಡಿಕೊಳ್ಳುವಾಗ ಎಷ್ಟು ತರ್ಕ ಮಾಡ್ತಾನೆ? ಪ್ರತಿ ‘ಅವನು’ ಬಂದಾಗಲೂ ಎಲ್ಲ ಸಾಧ್ಯತೆ ತೂಗಿ ನೋಡ್ತಾ ಕೂತರೆ ಮಾತು ಮುಂದೆ ಹೋಗಲ್ಲ. ಅಂದಮೇಲೆ ಮಾತಿನ ಕಟ್ಟಡವೇ ತರ್ಕದ ಖರ್ಚನ್ನ ಕಡಿಮೆ ಮಾಡುತ್ತಿರಬೇಕು. ಜೋಶಿ ಮತ್ತು ಸ್ಕಾಟ್ ವೈನ್‌ಸ್ಟೀನ್ 1981ರಲ್ಲಿ ಹೀಗೆ ಯೋಚಿಸಿದ್ದರು. 1983ರಲ್ಲಿ ಗ್ರೋಸ್ ಜೊತೆ ಸೇರಿ ಮೂವರೂ ಒಂದು ಲೇಖನ ತಂದರು. ಇದು ‘ಸೆಂಟರಿಂಗ್’ ಸಿದ್ಧಾಂತ. ವಿಸ್ತಾರವಾದ ಕರಡು 1986ರಿಂದ ಕೈಯಿಂದ ಕೈಗೆ ಓಡಾಡುತ್ತಿತ್ತು, ಅದರ ಆಧಾರದ ಮೇಲೆ ಬೇರೆಯವರು ಪ್ರೋಗ್ರಾಂ ಬರೆದು ಪ್ರಕಟಿಸಿಯೂ ಆಗಿತ್ತು. ಮೂಲ ಲೇಖನ ಅಚ್ಚಾಗಿದ್ದು 1995ರಲ್ಲಿ! ಪ್ರಾಜೆಕ್ಟ್ ಡೆಡ್‌ಲೈನ್ ದಾಟಿಸಿದ ನಮ್ಮಂಥವರಿಗೆ ಇದೊಂದು ಸಮಾಧಾನ.

ಸೆಂಟರಿಂಗ್ ಅಂದ್ರೇನು, ಕನ್ನಡದಲ್ಲೇ ನೋಡೋಣ. ‘ರಮೇಶ ಬೆಳಗ್ಗೆ ಸುರೇಶನ ಅಂಗಡಿಗೆ ಹೋದ. ಅವನಿಗೆ ಹಳೇ ರೇಡಿಯೋ ರಿಪೇರಿ ಮಾಡಿಸಬೇಕಿತ್ತು.’ ಇಲ್ಲಿಗೆ ಮಾತಿನ ಕೇಂದ್ರ ರಮೇಶ. ಈಗ ಮೂರನೇ ವಾಕ್ಯ: ‘ಅವನು ಹತ್ತು ಗಂಟೆಗೆ ಬಂದು ಅಂಗಡಿ ಬೀಗ ತೆಗೆದ.’ ಓದುವಾಗ ಒಂದು ಕ್ಷಣ ಎಡವಿದಿರಾ? ‘ಅವನು’ ಅಂದಾಗ ರಮೇಶನೇ ಬಂದ, ‘ಬೀಗ ತೆಗೆದ’ ಬಂದಾಗ ಅವನನ್ನ ಓಡಿಸಿ ಸುರೇಶನನ್ನ ಕರೆತರಬೇಕಾಯಿತು. ‘ಸುರೇಶ ಹತ್ತು ಗಂಟೆಗೆ ಬಂದು’ ಅಂತ ಬರೆದಿದ್ದರೆ ಎಡವುತ್ತಿರಲಿಲ್ಲ. ಪ್ರತಿ ವಾಕ್ಯಕ್ಕೂ ಹಿಂದಿನ ವಾಕ್ಯದ ಜೊತೆ ಕೊಂಡಿಯಾಗುವ ಒಂದು ಕೇಂದ್ರ ಇರುತ್ತೆ. ಯಾರನ್ನಾದರೂ ಸರ್ವನಾಮದಿಂದ ಕರೆದಿದ್ದರೆ, ಆ ಕೇಂದ್ರವನ್ನಂತೂ ಸರ್ವನಾಮದಿಂದಲೇ ಕರೆದಿರಬೇಕು. ಕೇಂದ್ರ ಅದೇ ಆಗಿ ಮುಂದುವರಿದರೆ ಕೇಳುವವನಿಗೆ ಹಗುರ, ಪದೇ ಪದೇ ಬದಲಾದರೆ ಭಾರ. ಮುಂದಿನ ಕೇಂದ್ರ ಯಾರಾಗಬಹುದು ಅಂದರೆ, ವಾಕ್ಯದ ಕರ್ತೃವಿಗೆ ಮೊದಲ ಹಕ್ಕು, ಕರ್ಮಕ್ಕೆ ಆಮೇಲೆ.

1994ರಲ್ಲಿ ಶಾಲೊಮ್ ಲ್ಯಾಪಿನ್ ಮತ್ತು ಹರ್ಬರ್ಟ್ ಲೀಸ್ ಈ ಥರದ ಹಕ್ಕಿಗೆ ಅಂಕಗಳನ್ನೇ ಕೊಟ್ಟರು. ಕರ್ತೃವಾಗಿದ್ದರೆ 80, ಕರ್ಮವಾಗಿದ್ದರೆ 50, ಈಗಿನ ವಾಕ್ಯದಲ್ಲೇ ಇದ್ದರೆ 100, ಪ್ರತಿ ವಾಕ್ಯ ದಾಟಿದಾಗಲೂ ಅಂಕ ಅರ್ಧ. ಕಂಪ್ಯೂಟರ್ ಮ್ಯಾನ್ಯುಯಲ್‌ಗಳ 360 ಸರ್ವನಾಮಗಳಲ್ಲಿ ಶೇ. 86 ಸರಿ ಬಂತು. ನೋಡಿ, ಇಲ್ಲೇ ಗ್ರೋಸ್ ಅವರ ತಟ್ಟೆಗಳು ಮಾಯವಾದವು. ಉಳಿದಿದ್ದು ದೂರದ ಲೆಕ್ಕ.

ಮುಂದಿನ ಹತ್ತು ಹದಿನೈದು ವರ್ಷವನ್ನ ಬೇಗ ದಾಟೋಣ. 1995ರಲ್ಲಿ ‘ಮಕ್-6’ ಅನ್ನೋ ಸ್ಪರ್ಧೆಗಾಗಿ ಪತ್ರಿಕಾ ವರದಿಗಳಲ್ಲಿ ಯಾವ ಪದ ಯಾರನ್ನ ಸೂಚಿಸುತ್ತೆ ಅಂತ ಗುರುತು ಹಾಕಿದ ಡೇಟಾ ಸಿದ್ಧವಾಯಿತು. 2001ರಲ್ಲಿ ಸಿಂಗಪುರದ ಸೂನ್, ಎನ್‌ಜಿ, ಲಿಮ್ ಬರೀ ಹನ್ನೆರಡು ಲಕ್ಷಣ ಕೊಟ್ಟು ಯಂತ್ರಕ್ಕೆ ಉದಾಹರಣೆಯಿಂದಲೇ ಕಲಿಸಿದರು. ಕೈಯಲ್ಲಿ ಬರೆದ ನಿಯಮಗಳ ಸಮಕ್ಕೆ ಬಂತು. ಆ ಹನ್ನೆರಡರಲ್ಲಿ ಮಾತಿನ ರಚನೆಗೆ ಸಿಕ್ಕ ಜಾಗ, ‘ಎಷ್ಟು ವಾಕ್ಯ ದೂರ’ ಅನ್ನೋದು ಮಾತ್ರ. ರಚನೆಯನ್ನ ಮತ್ತೆ ಒಳಗೆ ತರಲು ಪ್ರಯತ್ನ ಆಗಲಿಲ್ಲ ಅಂತಲ್ಲ. 2003ರ ಸುಮಾರಿಗೆ ರಾಚೆಸ್ಟರ್‌ನಲ್ಲಿ ಜೋಯೆಲ್ ಟೆಟ್ರೋ ಮತ್ತು ಜೇಮ್ಸ್ ಆಲೆನ್ ಪತ್ರಿಕಾ ಬರಹದ ಮೇಲೆ ಅಳೆದು ನೋಡಿದಾಗ ರಚನೆ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನನಗೇನೂ ಆಶ್ಚರ್ಯ ಇಲ್ಲ. ಪತ್ರಿಕೆಯ ವರದಿಗಾರ ಪ್ರತಿ ಪ್ಯಾರಾದಲ್ಲೂ ಹೆಸರು ಮತ್ತೆ ಹೇಳ್ತಾನೆ, ಓದುಗ ಎಲ್ಲಿಂದ ಬೇಕಾದರೂ ಓದಲಿ ಅಂತ. ಅಲ್ಲಿ ತಟ್ಟೆಗಳ ರಾಶಿ ಏಳುವುದೇ ಇಲ್ಲ. ಕಂಪ್ರೆಸರ್ ಜೋಡಿಸುವವರ ಮಾತು ಬಿಟ್ಟು ವರದಿಗಳ ಮೇಲೆ ಅಳೆದರೆ ಬರುವ ಉತ್ತರ ವರದಿಗಳದ್ದು.

ವಿನೋಗ್ರಾಡ್ ಅವರ ಹಳೇ ಒಗಟು ಮಾತ್ರ ಬಗೆಹರಿದಿರಲಿಲ್ಲ. ಹೆಕ್ಟರ್ ಲೆವೆಸ್ಕ್ ಮತ್ತು ಸಂಗಡಿಗರು ಅದೇ ಮಾದರಿಯ ಜೋಡಿ ವಾಕ್ಯಗಳನ್ನ ಸೇರಿಸಿ ‘ವಿನೋಗ್ರಾಡ್ ಸ್ಕೀಮಾ’ ಪರೀಕ್ಷೆ ಮಾಡಿದರು. 2016ರಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದ ಪ್ರೋಗ್ರಾಂಗೆ ಬಂದಿದ್ದು ಶೇ. 58. ನಾಣ್ಯ ಚಿಮ್ಮಿದರೂ ಸುಮಾರು ಅರ್ಧ ಬರುತ್ತೆ ಅನ್ನೋದು ನೆನಪಿರಲಿ. ಮರುವರ್ಷ ಟ್ರಾನ್ಸ್‌ಫಾರ್ಮರ್ ಬಂತು, 2019ಕ್ಕೆ ಅಂಕ ಶೇ. 90 ಮುಟ್ಟಿತು. ಟ್ರಾನ್ಸ್‌ಫಾರ್ಮರ್‌ನ ಹೃದಯ ‘ಅಟೆನ್ಷನ್’. ಅದನ್ನ ಪರಿಚಯಿಸುವಾಗ ಗೂಗಲ್‌ನವರು ಆರಿಸಿಕೊಂಡ ಉದಾಹರಣೆಯೂ ಸರ್ವನಾಮದ್ದೇ. ರಸ್ತೆ ದಾಟದ ಪ್ರಾಣಿಯ ವಾಕ್ಯದಲ್ಲಿ ‘ಇಟ್’ ಪ್ರಾಣಿಯೋ ರಸ್ತೆಯೋ ಅಂತ. ಗ್ರೋಸ್ ಮತ್ತು ಸಿಡ್ನರ್ ಕೂಡ 1986ರಲ್ಲಿ ‘ಅಟೆನ್ಷನ್’ ಅನ್ನೋ ಪದವನ್ನೇ ಬಳಸಿದ್ದರು. ಹೆಸರು ಒಂದೇ, ವಸ್ತು ಬೇರೆ. ಅವರದ್ದು ಮುಗಿದದ್ದನ್ನ ತೆಗೆದಿಡುವ ಗಮನ. ಇದು ಎದುರಿಗಿರೋ ಎಲ್ಲ ಪದಗಳ ಕಡೆಗೂ ಒಟ್ಟಿಗೆ ನೋಡಿ, ಯಾವುದಕ್ಕೆ ಎಷ್ಟು ತೂಕ ಅಂತ ಡೇಟಾದಿಂದ ಕಲಿಯುವ ಗಮನ. ತಟ್ಟೆ ತೆಗೀಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಕೋಟ್ಯಂತರ ಪುಟ ಓದಿ ತಾನೇ ಎಷ್ಟು ಕಲಿತಿದೆಯೋ ಅಷ್ಟು.

ಆ ಕೋಟ್ಯಂತರ ಪುಟಗಳಲ್ಲಿ ಕನ್ನಡ ಎಷ್ಟು, ಅದರಲ್ಲೂ ನಮ್ಮಮ್ಮ ಆಡುವಂಥ ಕನ್ನಡ ಎಷ್ಟು? ಇಂಗ್ಲಿಷ್‌ಗಾಗಿ ಮಾಡಿದ ನಿಯಮ ನಮಗೆ ಹಾಗೇ ಕೂರೋದಿಲ್ಲ. ನಾವು ಕರ್ತೃವನ್ನ ಬಿಟ್ಟೇ ಮಾತಾಡ್ತೀವಿ. ‘ಶುಗರ್ ಭಾಳ ಆಗೇತಂತ’ ಅನ್ನೋದರಲ್ಲಿ ಸರ್ವನಾಮವೇ ಇಲ್ಲ. ಜಪಾನಿ ಭಾಷೆಗೂ ಇದೇ ಅಭ್ಯಾಸ. 1985ರಲ್ಲಿ ಮೆಗುಮಿ ಕಮೆಯಾಮಾ, 1994ರಲ್ಲಿ ವಾಕರ್, ಈಡಾ ಮತ್ತು ಕೋಟ್, ಸೆಂಟರಿಂಗ್ ನಿಯಮವನ್ನ ಜಪಾನಿಗೆ ತಿದ್ದಿದರು. ಇಲ್ಲದ ಸರ್ವನಾಮವೇ ಅಲ್ಲಿ ಕೇಂದ್ರದ ಗುರುತು, ಕರ್ತೃವಿಗಿಂತ ಮೇಲೆ ‘ವಿಷಯ’ ಸೂಚಿಸುವ ಪ್ರತ್ಯಯಕ್ಕೆ ಹಕ್ಕು. ಕನ್ನಡಕ್ಕೆ ಯಾರಾದರೂ ಅಷ್ಟು ಶ್ರದ್ಧೆಯಿಂದ ಕೂತು ಮಾಡಿದರೆ ನಾನು ನನ್ನ ಶನಿವಾರಗಳನ್ನ ಬರೆದುಕೊಡ್ತೇನೆ.

ನಮ್ಮ ಭಾಷೆ ಸಹಾಯ ಮಾಡುವ ಕಡೆಗಳೂ ಇವೆ. ‘ತಾನು ತಪ್ಪು ಮಾಡಿಲ್ಲ ಅಂತ ಮ್ಯಾನೇಜರ್ ಎಂಜಿನಿಯರ್‌ಗೆ ಹೇಳಿದ.’ ತಪ್ಪು ಮಾಡದವನು ಮ್ಯಾನೇಜರೇ, ‘ತಾನು’ ಅನ್ನೋ ಪದ ಬಾಗಿಲು ಹಾಕಿಬಿಟ್ಟಿತು. ಇಂಗ್ಲಿಷ್‌ನ ‘ಹಿ’ಗೆ ಈ ಶಕ್ತಿ ಇಲ್ಲ. ತೊಂದರೆ ಕೊಡೋದು ‘ಅವರು’. ಗೌರವ ಕೊಟ್ಟ ಕೂಡಲೇ ಗಂಡು ಹೆಣ್ಣು, ಒಬ್ಬರು ಹಲವರು ಎಲ್ಲ ಒಂದಾಗುತ್ತೆ. ಲಿಂಗ ವಚನ ಹೊಂದಿಸಿ ನೋಡುವ ಹಾಬ್ಸ್ ಜರಡಿಗೆ ಇಲ್ಲಿ ಕೆಲಸವೇ ಇಲ್ಲ.

ಇನ್ನು ‘ಇವರು’. ನಮ್ಮ ಕಡೆ ಅಮ್ಮನ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳೋದಿಲ್ಲ. ‘ಇವರು’ ಅಂದರೆ ಅವರೇ. ಯಾವ ಪೀಠಿಕೆಯೂ ಬೇಡ, ಮೆಸೇಜ್‌ನ ಮೊದಲ ಪದವೇ ಆಗಬಹುದು. ಹಿಂದಿನ ವಾಕ್ಯದಲ್ಲಿ ಹುಡುಕುವ ಎಲ್ಲ ವಿಧಾನಗಳೂ ಇಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು. ಮಜಾ ಏನಂದ್ರೆ ಮರಾಠಿಯಲ್ಲೂ ಹೆಂಗಸರು ಗಂಡನನ್ನ ‘ಹೇ’ ಅಂತಾರೆ, ಅದರ ಅರ್ಥವೂ ‘ಇವರು’. ಆಪ್ ಕನ್ನಡದಿಂದ ನೇರ ಮರಾಠಿಗೆ ತಂದಿದ್ದರೆ ನನ್ನ ಹೆಂಡತಿಗೆ ಮೊದಲ ಪದದಲ್ಲೇ ಅರ್ಧ ಗೊತ್ತಾಗುತ್ತಿತ್ತು. ಇಂಗ್ಲಿಷ್ ಸುತ್ತಿಕೊಂಡು ಬಂದಿದ್ದಕ್ಕೆ ‘ಹಿ’ ಆಯಿತು.

ಒಂದು ಶನಿವಾರ ಅಮ್ಮನ ಮೆಸೇಜನ್ನ ಕಾಗದದ ಮೇಲೆ ಬರೆದುಕೊಂಡು, ಹಾಬ್ಸ್ ಮಾಡಿದ ಹಾಗೆ ಪೆನ್ನು ಹಿಡಿದು ಒಂದೊಂದೇ ವಿಧಾನ ಹಾಕಿ ನೋಡಿದೆ. ಶುಗರ್ ಯಾರಿಗೆ? ಲ್ಯಾಪಿನ್ ಮತ್ತು ಲೀಸ್: ಕರ್ತೃ ‘ಇವರು’ 80, ಕರ್ಮ ‘ದೊಡ್ಡಪ್ಪನ್ನ’ 50. ಅಪ್ಪ ಗೆದ್ದರು. ಸೆಂಟರಿಂಗ್: ಕರ್ತೃವೇ ಮುಂದಿನ ಕೇಂದ್ರ. ಮತ್ತೆ ಅಪ್ಪ. ಮುಗ್ಧ ವಿಧಾನ: ಅಪ್ಪ. ಅಂದ್ರೆ ಆಪ್ ಬೇಕಾಬಿಟ್ಟಿ ತಪ್ಪು ಮಾಡಿರಲಿಲ್ಲ, ನಲವತ್ತು ವರ್ಷದ ಸಂಶೋಧನೆ ಯಾವ ಕಡೆ ಬೆರಳು ತೋರಿಸುತ್ತೋ ಅದೇ ಕಡೆ ಹೋಗಿತ್ತು. ಸರಿ ಉತ್ತರಕ್ಕೆ ಬೇಕಾದ್ದು ‘ಕರಕೊಂಡು’ ಅನ್ನೋ ಒಂದು ಪದದ ಹಿಂದಿನ ತಿಳಿವಳಿಕೆ. ಒಬ್ಬರನ್ನ ಕರಕೊಂಡು ಡಾಕ್ಟರ್ ಹತ್ತಿರ ಹೋದರೆ ಪೇಷೆಂಟ್ ಕರಕೊಂಡು ಹೋದವರಲ್ಲ, ಹೋಗಿಸಿಕೊಂಡವರು. ವಿನೋಗ್ರಾಡ್ ಅವರ ನಗರಸಭೆ ನಮ್ಮನೆಗೇ ಬಂದಿತ್ತು.

ಇನ್ನು ‘ನಾಳೆ ಬಿಡ್ತಾರಂತ’. ಅದರ ಹಿಂದಿನ ವಾಕ್ಯದಲ್ಲಿರೋದು ಗೌಂಡಿ. ಅಂಕ ಹಾಕಿದರೆ ನಾಳೆ ಬಿಡುಗಡೆ ಆಗೋದು ಗೌಂಡಿ! ಗ್ರೋಸ್ ಅವರ ತಟ್ಟೆ ಹಾಕಿದರೆ ಸಲೀಸು. ‘ಅದಿರ್ಲಿ’ ಅಂದಾಗ ಮಳೆ, ಗೋಡೆ, ಗೌಂಡಿಯ ತಟ್ಟೆ ಮೇಲೆ ಬಂತು. ‘ಬರವಲ್ಲ’ ಅಂದಲ್ಲಿಗೆ ಅದು ಮುಗೀತು. ಕೆಳಗಿನ ಆಸ್ಪತ್ರೆ ತಟ್ಟೆ ಕಾಣಿಸಿತು. ಅದರಲ್ಲಿ ಪೇಷೆಂಟ್ ಇದ್ದಾರೆ. ಇಲ್ಲಿ ಆಪ್ ಕೂಡ ಸರಿಯಾಗೇ ಹಿಂದಕ್ಕೆ ಹೋಗಿತ್ತು, ‘ಆಸ್ಪತ್ರೆಯಿಂದ ಬಿಡುತ್ತಾರೆ’ ಅಂತ ಬರೆದಿತ್ತು. ಆದರೆ ಆ ತಟ್ಟೆಯಲ್ಲಿ ಅದು ಕೂರಿಸಿದ್ದು ಅಪ್ಪನನ್ನ. ನನಗೆ ಹೆದರಿಕೆ ಆಗಿದ್ದು ಇಲ್ಲಿ. ರಚನೆ ಅನ್ನೋದು ಸರಿಯನ್ನ ಹೇಗೆ ಕೊನೆತನಕ ಹೊತ್ತುಕೊಂಡು ಹೋಗುತ್ತೋ ತಪ್ಪನ್ನೂ ಹಾಗೇ ಹೊರುತ್ತೆ. ಎರಡನೇ ವಾಕ್ಯದಲ್ಲಿ ಒಮ್ಮೆ ತಪ್ಪಿದ ಮೇಲೆ ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡೇ ಬಂತು, ಒಂದು ಕಡೆಯೂ ಅಪಸ್ವರ ಬರಲಿಲ್ಲ. ಹಾಬ್ಸ್ ಕಾಲದ ಪ್ರೋಗ್ರಾಂ ಆಗಿದ್ದರೆ ಗೌಂಡಿಯನ್ನ ಆಸ್ಪತ್ರೆಯಿಂದ ಬಿಡಿಸಿರುತ್ತಿತ್ತು. ನನ್ನ ಹೆಂಡತಿ ನಕ್ಕು, ‘ಇದೇನೋ ಎಡವಟ್ಟು’ ಅಂತ ನೇರ ಅಮ್ಮನಿಗೇ ಫೋನ್ ಮಾಡಿರುತ್ತಿದ್ದಳು.

ದೊಡ್ಡಪ್ಪ ಅಮ್ಮ ಹೇಳಿದ ದಿನವೇ ಮನೆಗೆ ಬಂದರು, ಈಗ ಅನ್ನ ಕಮ್ಮಿ ಮಾಡಿ ರೊಟ್ಟಿ ತಿನ್ನುತ್ತಿದ್ದಾರೆ. ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ ಈ ಕಥೆಯೆಲ್ಲ ಹೇಳಿದೆ, ಗ್ರೋಸ್, ಜೋಶಿ, ತಟ್ಟೆ, ಅಂಕ ಸಮೇತ. ಪೂರ್ತಿ ಕೇಳಿಸಿಕೊಂಡು, “ಇವರು ಅಂದ್ರ ಇವರ. ಅದರಾಗ ತಿಳೀಲಾರದ್ದು ಏನೈತಿ?” ಅಂದರು. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. ಆದರೆ ಮೊನ್ನೆ ಬಂದ ವಾಯ್ಸ್ ಮೆಸೇಜ್ ಶುರುವಾಗಿದ್ದು ‘ನಿಮ್ಮಪ್ಪ’ ಅಂತ.